ಮೂರೂವರೆ ಸೆಕೆಂಡಿನ ಮುನ್ಸೂಚನೆ

2021ರ ಡಿಸೆಂಬರ್ 22ರ ಬೆಳಗ್ಗೆ ಚಿಕ್ಕಬಳ್ಳಾಪುರದ ಕೆಲವು ಹಳ್ಳಿಗಳಲ್ಲಿ ನೆಲ ಎರಡು ಸಲ ನಡುಗಿತು. ತೀವ್ರತೆ 3ರ ಆಸುಪಾಸು, ಅಷ್ಟೇ. ಆದರೂ ಪಕ್ಕದ ದೇವನಹಳ್ಳಿ, ದೊಡ್ಡಬಳ್ಳಾಪುರದವರು ‘ಮುಂದಿನದು ಯಾವಾಗ?’ ಎಂದು ಕೇಳಿದರೆ ತಪ್ಪಲ್ಲ. ದಿನ, ಜಾಗ, ತೀವ್ರತೆ ಮೂರನ್ನೂ ಮೊದಲೇ ಹೇಳಬಲ್ಲವರು ಇವತ್ತಿಗೂ ಯಾರೂ ಇಲ್ಲ. ‘ಇಂದು ರಾತ್ರಿ ಎರಡಕ್ಕೆ’ ಎಂಬ ವಾಟ್ಸಾಪ್ ಸಂದೇಶವನ್ನು ಅಳಿಸಿಹಾಕಿ.

ಪ್ರಯತ್ನಗಳೇನೋ ನಡೆದಿವೆ. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ ಸರಾಸರಿ 22 ವರ್ಷಕ್ಕೊಮ್ಮೆ ಭೂಮಿ ಕಂಪಿಸುತ್ತಿತ್ತು. 1993ರೊಳಗೆ ಮತ್ತೊಂದು ಖಚಿತವೆಂದು ವಿಜ್ಞಾನಿಗಳು ಉಪಕರಣ ಹೂಡಿ ಕೂತರು. ಅದು ಬಂದದ್ದು 2004ರಲ್ಲಿ. ಚೀನಾದಲ್ಲಿ 1975ರಲ್ಲಿ ಹೈಚೆಂಗ್ ಜನರನ್ನು ಮುಂಚೆಯೇ ಹೊರಗೆ ಕಳಿಸಿ ಉಳಿಸಿದ್ದರು. ಮರುವರ್ಷ ತಾಂಗ್‌ಶಾನ್‌ನಲ್ಲಿ ಸುಳಿವೇ ಸಿಗದೆ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು.

ನಮ್ಮ ಕಡೆ ಲೆಕ್ಕ ಇನ್ನೂ ಕಷ್ಟ. ಕ್ಯಾಲಿಫೋರ್ನಿಯಾ ಇರುವುದು ಭೂಫಲಕಗಳ ಅಂಚಿನಲ್ಲಿ. ನಾವು ಫಲಕದ ನಡುವೆ, ಸುಮಾರು 300 ಕೋಟಿ ವರ್ಷದ ಹಳೆಯ ಬಂಡೆಯ ಮೇಲೆ. ಇಲ್ಲಿ ಒತ್ತಡ ಕೂಡುವುದು ಬಲು ನಿಧಾನ. ಎರಡು ದೊಡ್ಡ ಕಂಪನಗಳ ನಡುವೆ ಸಾವಿರಾರು ವರ್ಷ ಕಳೆದರೆ ಅಂತರ ಲೆಕ್ಕಹಾಕಲು ದಾಖಲೆ ಎಲ್ಲಿಂದ ತರುವುದು?

ಆದದ್ದನ್ನು ಅಳೆಯುವುದರಲ್ಲಿ ಮಾತ್ರ ಕೊರತೆಯಿಲ್ಲ. ದೊಡ್ಡಬಳ್ಳಾಪುರದಿಂದ ಹಿಂದೂಪುರದ ಕಡೆ ಹೊರಟರೆ ಸಿಗುವ ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಕಂಪನಮಾಪಕಗಳ ಸಾಲು 1960ರ ದಶಕದಿಂದ ಇದೆ. ದೂರದೇಶಗಳ ಭೂಗತ ಅಣುಸ್ಫೋಟ ಪತ್ತೆಗೆಂದು ಹಾಕಿದ್ದು, ಭೂಕಂಪವೂ ಕೇಳಿಸುತ್ತದೆ. ಕಂಪನದ ಮೊದಲ ಅಲೆ ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ, ಹೆಚ್ಚು ಅಲುಗಾಡಿಸುವ ಎರಡನೆಯದು ಸುಮಾರು 3.5. ಜಪಾನಿನಲ್ಲಿ ಮೊಬೈಲಿಗೆ ಬರುವ ಎಚ್ಚರಿಕೆ ಈ ಅಂತರವನ್ನೇ ನಂಬಿದೆ. ಮೂವತ್ತು ಕಿಲೋಮೀಟರ್ ದೂರದಲ್ಲಿ ಕಂಪಿಸಿದರೆ ನಮಗೆ ಸಿಗುವ ಅಂತರ ಮೂರೂವರೆ ಸೆಕೆಂಡ್. ಎಮ್ಮೆ ಕಟ್ಟಿದ ಹಗ್ಗವನ್ನೂ ಬಿಚ್ಚಲಾಗದು.

ಹಾಗಾಗಿ ಭೂಕಂಪದ ಅಪಾಯ ತೋರಿಸುವ ನಕ್ಷೆ ನೋಡಿ ನೆಮ್ಮದಿಪಡುತ್ತೇವೆ: ಬೆಂಗಳೂರು ಸುತ್ತಲಿನ ಪ್ರದೇಶ ಬಹುಕಾಲದಿಂದ ಕಡಿಮೆ ಅಪಾಯದ ಎರಡನೇ ವಲಯದಲ್ಲಿದೆ. ಆದರೆ 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ನೆಲಸಮವಾದ ಮಹಾರಾಷ್ಟ್ರದ ಕಿಲ್ಲಾರಿ ಆಗ ಅದಕ್ಕಿಂತಲೂ ಕಡಿಮೆಯ ಒಂದನೇ ವಲಯದಲ್ಲಿತ್ತು. ಅಲ್ಲಿ ಜನರನ್ನು ಕೊಂದದ್ದು ಕಲ್ಲು-ಮಣ್ಣಿನ ದಪ್ಪ ಗೋಡೆ, ಮಣ್ಣಿನ ಭಾರದ ಮಾಳಿಗೆ. ನಮ್ಮ ಹಳೆಯ ಮನೆಗಳಲ್ಲೂ ಮಣ್ಣಿನ ಗೋಡೆಯ ಮೇಲೆ ಕಲ್ಲುಚಪ್ಪಡಿ ಕೂತಿದೆ. ಹೊಸದಾಗಿ ಕಟ್ಟಿಸುವವರಾದರೂ ಬಾಗಿಲು-ಕಿಟಕಿಯ ಮೇಲಷ್ಟೇ ಲಿಂಟಲ್ ಹಾಕಿಸಿ ಕೈತೊಳೆದುಕೊಳ್ಳದೆ, ಮನೆಯ ಸುತ್ತಲೂ ಕಬ್ಬಿಣ ಕಡಿಯದಂತೆ ಒಂದೇ ಪಟ್ಟಿಯಾಗಿ ಹಾಕುವಂತೆ ಮೇಸ್ತ್ರಿಗೆ ಹೇಳಬೇಕು. ಖರ್ಚು ಸ್ವಲ್ಪ ಹೆಚ್ಚುತ್ತದೆ, ಮೇಸ್ತ್ರಿ ಗೊಣಗುತ್ತಾನೆ.