ಲಾರಿ ಸಿಕ್ಕರೆ ಸಾಕೇ ಸ್ವಾಮಿ?

ನಮ್ಮ ಜಾವಗಲ್‌ನ ಕೊಬ್ಬರಿ ವ್ಯಾಪಾರಿಯೊಬ್ಬರದು ಮಂಗಳೂರು ಬಂದರಿನ ಹತ್ತಿರ ಒಂದು ಸಣ್ಣ ಆಫೀಸು. ಕಳೆದ ಆಷಾಢದಲ್ಲಿ ಅದನ್ನು ಬೇರೆ ಬೀದಿಗೆ ಸಾಗಿಸಬೇಕಾಯಿತು. ಸಾಗಿಸುವವರನ್ನು ಹುಡುಕಿ ಹುಡುಕಿ, ಕೊನೆಗೆ ಫೋನಿನಲ್ಲೇ ಕಡಿಮೆ ದರ ಹೇಳಿದವನಿಗೆ ಒಪ್ಪಿಸಿದರು. ಅವನು ಕಳಿಸಿದ್ದು ಟಾರ್ಪಾಲು ಇಲ್ಲದ ಲಾರಿ! ಕಡಲೂರಿನ ಮಳೆ ಕೇಳಬೇಕೇ? ಮೇಜು ಕುರ್ಚಿ ಒರೆಸಿದರೆ ಆಯಿತು. ಲೆಕ್ಕದ ಪುಸ್ತಕ ಒರೆಸೋಕಾಗುತ್ತಾ? ಪರಿಹಾರ ಕೇಳಿದರೆ, "ರಸೀದಿ ಎಲ್ಲಿದೆ ಸ್ವಾಮಿ?" ಅಂದನಂತೆ.

ತಪ್ಪು ಅವನೊಬ್ಬನದೇ? ಒಂದು ತೆಂಗಿನಕಾಯಿ ಕೊಳ್ಳುವಾಗಲೂ ಕಿವಿ ಹತ್ತಿರ ಅಲ್ಲಾಡಿಸಿ ನೋಡುವ ನಾವು, ಆಫೀಸು ಹೊರುವವನನ್ನು ಮುಖ ನೋಡದೆ ನಂಬುತ್ತೇವೆ. ಜಿಎಸ್‌ಟಿ ಕಾನೂನಿನಂತೆ, ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. ವಿಳಾಸ ಬದಲಾದರೆ 15 ದಿನದೊಳಗೆ ತಿಳಿಸಬೇಕು. 2007ರ ರಸ್ತೆ ಸಾಗಣೆ ಕಾಯ್ದೆಯಲ್ಲಿ, ಸರಕಿನ ಹೆಚ್ಚಿನ ಬೆಲೆ ಮೊದಲೇ ಬರೆಸದಿದ್ದರೆ ಸಾಗಣೆದಾರನ ಹೊಣೆಗೆ ಮಿತಿ ಉಂಟು.

ಆದ್ದರಿಂದ, ಬಂದು ಸಾಮಾನು ಕಣ್ಣಾರೆ ನೋಡಿ ದರ ಹೇಳುವವನನ್ನೇ ಹಿಡಿಯಿರಿ. ಪೆಟ್ಟಿಗೆ ಎಣಿಸಿ, ಬೆಲೆ ಬರೆಸಿ, ರಸೀದಿ ಇಸಿದುಕೊಳ್ಳಿ. ಲೆಕ್ಕದ ಪುಸ್ತಕ ಮಾತ್ರ ನಿಮ್ಮ ಕೈಯಲ್ಲೇ ಹೋಗಲಿ. ಬಾಡಿಗೆಯಲ್ಲಿ ಉಳಿಸಿದ ನಾಲ್ಕು ಕಾಸು ಮಳೆನೀರಲ್ಲಿ ಕೊಚ್ಚಿಹೋದ ಮೇಲೆ ಯಾರನ್ನು ಕೇಳೋಣ?