ಹುಡುಗನ ಉಗುರಿನ ಬಣ್ಣ

ದೆಹಲಿ ಮೆಟ್ರೋದ ವಯಲೆಟ್ ಲೈನ್ ಬದರ್‌ಪುರ ಬಾರ್ಡರ್ ದಾಟಿತೆಂದರೆ ಹರಿಯಾಣ. ಈಚೆಗೆ ಒಂದು ಸಂಜೆ ನನ್ನೆದುರು ಕೂತಿದ್ದ ಕಾಲೇಜು ಹುಡುಗ ಅಲ್ಲಿಂದಲೇ ಹೆಬ್ಬೆರಳಿನಿಂದ ಉಗುರಿನ ಬಣ್ಣ ಕೆರೆಯತೊಡಗಿದ. ಕಡುನೀಲಿ ಚೂರುಗಳು ತೊಡೆಯ ಮೇಲಿದ್ದ ಬ್ಯಾಗಿನ ಮೇಲೆ ಉದುರುತ್ತಿದ್ದವು. ಓಲ್ಡ್ ಫರಿದಾಬಾದ್ ಬಂದರೂ ಕಿರುಬೆರಳಲ್ಲಿ ಒಂದಿಷ್ಟು ಉಳಿದೇ ಇತ್ತು. ಕೈಯನ್ನು ಜೇಬಿಗೆ ತುರುಕಿಕೊಂಡು ಇಳಿದುಹೋದ.

ಅದೇ ಊರಿನ ಇನ್ನೊಬ್ಬ ಹುಡುಗ ನೆನಪಾದ. ಹತ್ತನೇ ತರಗತಿಯವನು, ಉಗುರಿಗೆ ಬಣ್ಣ ಹಚ್ಚಿಕೊಳ್ಳುವುದೆಂದರೆ ಅವನಿಗೂ ಇಷ್ಟ. ಶಾಲೆಯಲ್ಲಿ ಅವನನ್ನು ಹೆಣ್ಣಿಗನೆಂದು ಹೀಯಾಳಿಸಿ ಹಿಂಸಿಸಿದರು ಎನ್ನುತ್ತಾರೆ ತಾಯಿ. 2022ರ ಫೆಬ್ರುವರಿಯಲ್ಲಿ ಆ ಮಗು ಜೀವ ಕಳೆದುಕೊಂಡಿತು. ತಾಯಿ ಇನ್ನೂ ನ್ಯಾಯ ಕೇಳುತ್ತಿದ್ದಾರೆ.

ಆ ಸಾವಿಗೆ ಮೂರೇ ತಿಂಗಳ ಹಿಂದೆ, ದೆಹಲಿಯ ಎನ್‌ಸಿಇಆರ್‌ಟಿ ಶಿಕ್ಷಕರಿಗಾಗಿ ಸಿದ್ಧಪಡಿಸಿದ್ದ ಒಂದು ಕೈಪಿಡಿ ಜಾಲತಾಣದಿಂದ ಮಾಯವಾಗಿತ್ತು. ಗಂಡು-ಹೆಣ್ಣೆಂಬ ಎರಡೇ ಅಚ್ಚಿನಲ್ಲಿ ಕೂರದ ಮಕ್ಕಳನ್ನು ಶಾಲೆ ಹೇಗೆ ನೋಡಿಕೊಳ್ಳಬೇಕು, ಸಮವಸ್ತ್ರ ಹೇಗಿರಬೇಕು, ಶೌಚಾಲಯ ಹೇಗಿರಬೇಕು ಎಂದೆಲ್ಲ ಅದರಲ್ಲಿತ್ತು. ದೂರು ಬಂತು, ಮಕ್ಕಳ ಹಕ್ಕುಗಳ ರಕ್ಷಣೆಯ ರಾಷ್ಟ್ರೀಯ ಆಯೋಗ ಪತ್ರ ಬರೆಯಿತು, 2021ರ ನವೆಂಬರ್‌ನಲ್ಲಿ ಕೈಪಿಡಿ ಕೆಳಗಿಳಿಯಿತು. ಅದು ಇದ್ದಿದ್ದರೆ ಆ ಹುಡುಗ ಉಳಿಯುತ್ತಿದ್ದ ಎಂದು ನಾನು ಹೇಳಲಾರೆ. ಆದರೆ ದೊಡ್ಡವರು ಹೆದರಿದ್ದು ಪುಸ್ತಕಕ್ಕೆ, ಹೀಯಾಳಿಸುವ ಬಾಯಿಗಳಿಗಲ್ಲ. ಇದು ನನಗೆ ನುಂಗಲಾಗದ ಸಂಗತಿ.

ಕಾನೂನು ಎಂದೋ ಮುಂದೆ ಹೋಗಿದೆ. ಉಡುಪು, ಮಾತು, ನಡೆಯ ಮೂಲಕ ತನ್ನ ಲಿಂಗತ್ವವನ್ನು ತೋರ್ಪಡಿಸಿಕೊಳ್ಳುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. 2018ರಲ್ಲಿ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹಿಡಿತ ಸಡಿಲಿಸಿದ ತೀರ್ಪಿಗೆ ಹೆಸರಾದವರು ನವತೇಜ್ ಸಿಂಗ್ ಜೋಹರ್, ದೆಹಲಿಯ ಭರತನಾಟ್ಯ ಕಲಾವಿದ. ತೀರ್ಪು ಬಂದ ತಿಲಕ್ ಮಾರ್ಗದಿಂದ ಫರಿದಾಬಾದಿನ ತರಗತಿಗೆ ಒಂದು ಗಂಟೆಯ ದಾರಿಯೂ ಇಲ್ಲ.

ಇಲ್ಲಿ ಹುಡುಗರನ್ನು ಚುಚ್ಚುವ ಮಾತು 'ಛಕ್ಕಾ'. ನಮ್ಮ ಕಡೆಯದು 'ಹೆಣ್ಣಿಗ', 'ಬಳೆ ತೊಟ್ಕೋ ಹೋಗು'. ಬೈಗುಳಕ್ಕೆ ಸಿಕ್ಕಿದ್ದು ಅಮ್ಮನ ಕೈಯ ಬಳೆ! ಅದೇ ಕನ್ನಡದಲ್ಲಿ ಗಂಡಸನ್ನು ಮನಸಾರೆ ಹೊಗಳುವಾಗ 'ಹೆಂಗರುಳಿನವನು' ಎನ್ನುತ್ತೇವೆ. ಯಕ್ಷಗಾನದ ಮಂಟಪ ಪ್ರಭಾಕರ ಉಪಾಧ್ಯರು ಸ್ತ್ರೀವೇಷದಲ್ಲಿ ರಂಗಕ್ಕೆ ಬಂದರೆ ಉಸಿರು ಬಿಗಿಹಿಡಿದು ನೋಡುತ್ತೇವೆ. ಮನೆಗೆ ಬಂದ ಮೇಲೆ ಮಗ ಕನ್ನಡಿಯ ಮುಂದೆ ಅದೇ ಒನಪಿನಲ್ಲಿ ಎರಡು ಹೆಜ್ಜೆ ಹಾಕಲಿ, ಅಪ್ಪನ ಮುಖ ಗಂಟಾಗುತ್ತದೆ. ಆ ಗಂಟು ಮುಖವನ್ನು ಮಗು ಓದುತ್ತದೆ, ಪಕ್ಕದಲ್ಲಿರುವ ಅಣ್ಣನೂ ಓದುತ್ತಾನೆ. ಮರುದಿನ ಶಾಲೆಯಲ್ಲಿ ಇನ್ನೊಬ್ಬ ಹುಡುಗನ ಮೇಲೆ ಪ್ರಯೋಗಿಸುವುದು ಅದನ್ನೇ.

ಮಗು ಅತ್ತುಕೊಂಡು ಬಂದಾಗ 'ನೀನ್ಯಾಕೆ ಹಾಗಿರ್ತೀಯ' ಎಂದು ಕೇಳುವುದನ್ನು ಶಿಕ್ಷಕರು, ಹೆತ್ತವರು ಮೊದಲು ಬಿಡಬೇಕು. ಯಾರು ಅಂದರು, ಎಲ್ಲಿ ಅಂದರು, ಎಷ್ಟು ದಿನದಿಂದ ಅನ್ನುತ್ತಿದ್ದಾರೆ ಎಂದು ಕೇಳಬೇಕು. ಉತ್ತರವನ್ನು ಬರೆದಿಡಬೇಕು, ಅಂದವರ ಮನೆಯವರನ್ನು ಅದೇ ವಾರ ಕರೆಸಬೇಕು. ಇಷ್ಟನ್ನು ಮಾಡಲು ಯಾವ ಆಯೋಗದ ಅಪ್ಪಣೆಯೂ ಬೇಕಿಲ್ಲ.