ಪ್ರಶ್ನೆ ಹೆಚ್ಚಾದಷ್ಟೂ ಉತ್ತರ ಸರಿಯಾಗುತ್ತದೆಯೇ?

ಹೃದಯಾಘಾತವಾದ ರೋಗಿ ಮುಂದಿನ 30 ದಿನ ಬದುಕುಳಿಯುತ್ತಾರೆಯೇ? ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವಿಶ್ವವಿದ್ಯಾಲಯದ ಆಸ್ಪತ್ರೆಯೊಂದು ಇಂಥ ರೋಗಿಗಳ ಬಗ್ಗೆ ಮೊದಲ 24 ಗಂಟೆಗಳಲ್ಲೇ 19 ಬಗೆಯ ಮಾಹಿತಿ ಕಲೆಹಾಕುತ್ತಿತ್ತು. ಅದನ್ನೆಲ್ಲ ಜಾಲಾಡಿದ ಮೇಲೆ ಉಳಿದದ್ದು ಮೂರೇ ಪ್ರಶ್ನೆ. ಸಿಸ್ಟಾಲಿಕ್ ರಕ್ತದೊತ್ತಡ 91ಕ್ಕಿಂತ ಮೇಲೆಯೇ ಇತ್ತೇ? ಇಲ್ಲವೆಂದರೆ ಅಪಾಯ ಹೆಚ್ಚು. ಇತ್ತು ಎಂದಾದರೆ, ವಯಸ್ಸು 62.5 ದಾಟಿದೆಯೇ? ದಾಟಿಲ್ಲವಾದರೆ ಅಪಾಯ ಕಡಿಮೆ. ದಾಟಿದ್ದರೆ ಎದೆಬಡಿತದ ವೇಗ ಹೆಚ್ಚಿದೆಯೇ ಎಂದು ನೋಡಬೇಕು. ಹೆಚ್ಚಿದ್ದರೆ ಮತ್ತೆ ಅಪಾಯದ ಗುಂಪು.

ಇದೇ ಡಿಸಿಷನ್ ಟ್ರೀ, ಅಂದರೆ ನಿರ್ಧಾರ ವೃಕ್ಷ. ಲಿಯೊ ಬ್ರೈಮನ್ ಮತ್ತು ಮೂವರು ಸಂಗಡಿಗರ 1984ರ ಪುಸ್ತಕ ಶುರುವಾಗುವುದೇ ಈ ಉದಾಹರಣೆಯಿಂದ.

ಮೂರಕ್ಕೇ ನಿಲ್ಲಿಸಿದ್ದೇಕೆ, ಮೂವತ್ತು ಕೇಳಿದ್ದರೆ ಇನ್ನೂ ಒಳ್ಳೆಯದಲ್ಲವೇ ಎಂದು ನಿಮಗನಿಸಬಹುದು. ಅಲ್ಲ. ಪ್ರಶ್ನೆ ಸೇರಿಸುತ್ತ ಹೋದರೆ ಕೊನೆಗೆ ಪ್ರತಿ ಎಲೆಯಲ್ಲೂ ಒಬ್ಬೊಬ್ಬ ರೋಗಿ ಮಾತ್ರ ಉಳಿಯುತ್ತಾರೆ. ಹಳೆಯ ದಾಖಲೆಗಳ ಮಟ್ಟಿಗೆ ಒಂದು ತಪ್ಪೂ ಇರುವುದಿಲ್ಲ. ಹೊಸ ರೋಗಿ ಬಂದಾಗ ಮರ ಎಡವುತ್ತದೆ. ಉರುಹೊಡೆದ ವಿದ್ಯಾರ್ಥಿಯ ಪಾಡೇ ಇದು, ಪ್ರಶ್ನೆಪತ್ರಿಕೆ ಬದಲಾದರೆ ಮುಗಿಯಿತು. ಹಾಗಾದರೆ ಬೇಗ ನಿಲ್ಲಿಸಿಬಿಡೋಣವೇ? ಅದೂ ಕಷ್ಟ. ಸಪ್ಪೆಯಾಗಿ ಕಾಣುವ ಪ್ರಶ್ನೆಯ ಕೆಳಗೆ ಒಳ್ಳೆಯ ಪ್ರಶ್ನೆ ಅಡಗಿರಬಹುದು. ಅದಕ್ಕೇ ಬ್ರೈಮನ್ ತಂಡ ಮರವನ್ನು ಮೊದಲು ದೊಡ್ಡದಾಗಿ ಬೆಳೆಸಿ, ಆಮೇಲೆ ಕೊಂಬೆ ಸವರಿತು. ಎಷ್ಟು ಸವರಬೇಕೆಂದು ತಿಳಿಯಲು ದಾಖಲೆಗಳ ಒಂದು ಪಾಲನ್ನು ಬದಿಗಿಟ್ಟು ಪರೀಕ್ಷಿಸುವ ಕ್ರಮವಿತ್ತು.

ಇನ್ನೊಂದು ಮೋಸ ಪ್ರಶ್ನೆಯ ಆಯ್ಕೆಯಲ್ಲಿದೆ. ರೋಗಿಯ ನೋಂದಣಿ ಸಂಖ್ಯೆಯನ್ನೂ ಪಟ್ಟಿಯಲ್ಲಿ ಬಿಟ್ಟರೆ ಮರ ಅದನ್ನೇ ಹಿಡಿದುಕೊಳ್ಳಬಹುದು, ಏಕೆಂದರೆ ಅದು ಎಲ್ಲರನ್ನೂ ಬೇರ್ಪಡಿಸುತ್ತದೆ! ಹೆಚ್ಚು ಕವಲೊಡೆಯುವ ಪ್ರಶ್ನೆಗಳಿಗೆ ದಂಡ ಹಾಕುವ ಲೆಕ್ಕವನ್ನು ಆಸ್ಟ್ರೇಲಿಯಾದ ರಾಸ್ ಕ್ವಿನ್ಲನ್ ತಂದದ್ದು ಇದಕ್ಕಾಗಿ.

ಇಷ್ಟಾದರೂ ಒಂಟಿ ಮರ ಚಂಚಲ. ಕೆಲವೇ ದಾಖಲೆ ತೆಗೆದರೂ ಮೊದಲ ಪ್ರಶ್ನೆಯೇ ಬದಲಾಗಬಹುದು. 2001ರಲ್ಲಿ ಬ್ರೈಮನ್ ಪ್ರಕಟಿಸಿದ ಪರಿಹಾರ 'ರ‍್ಯಾಂಡಮ್ ಫಾರೆಸ್ಟ್'. ಚೀಟಿ ಎತ್ತಿದಂತೆ ದಾಖಲೆಗಳನ್ನು ಆರಿಸಿ ನೂರಾರು ಮರ ಬೆಳೆಸುವುದು, ಪ್ರತಿ ಕವಲಿನಲ್ಲೂ ಕೆಲವೇ ಪ್ರಶ್ನೆಗಳಿಗೆ ಅವಕಾಶ ಕೊಡುವುದು, ಕೊನೆಗೆ ಎಲ್ಲ ಮರಗಳ ಮತ ಎಣಿಸುವುದು. ಮರಗಳು ಒಂದೇ ರೀತಿ ತಪ್ಪದಂತೆ ನೋಡಿಕೊಳ್ಳುವುದೇ ಗುಟ್ಟು.

ನಿಖರತೆ ಏರಿತು. ಆದರೆ ಅಪಾಯವೇಕೆ ಎಂದು ರೋಗಿಯ ಮನೆಯವರು ಕೇಳಿದರೆ ವೈದ್ಯರು ನೂರಾರು ಮರ ತೋರಿಸಲಾದೀತೇ? ಬ್ರೈಮನ್ನರೇ ಅದೇ ವರ್ಷ ಇದಕ್ಕೆ ಅಂಕ ಕೊಟ್ಟಿದ್ದರು: ಊಹಿಸುವುದರಲ್ಲಿ ಕಾಡಿಗೆ ಎ ಪ್ಲಸ್, ಅರ್ಥವಾಗುವುದರಲ್ಲಿ ಎಫ್.